ಫೋನ್ ಇಲ್ಲದೆ ಊಟ, ಫೋನ್ ಇಲ್ಲದೆ ನಿದ್ದೆ: ಮಗುವಿನ ಸ್ಕ್ರೀನ್ ಅಭ್ಯಾಸ ಬದಲಿಸುವ ದಾರಿ

"ಫೋನ್ ಕೊಡದಿದ್ದರೆ ಮಗು ಬಾಯೇ ತೆರೆಯಲ್ಲ. ಏನು ಮಾಡಲಿ?"

ಚಿಕ್ಕ ಮಕ್ಕಳ ಅಪ್ಪ-ಅಮ್ಮಂದಿರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೆರಡು ಬರುತ್ತವೆ. ದಿನಕ್ಕೆ ಎಷ್ಟು ಹೊತ್ತು ಕೊಡಬಹುದು? ವಾಪಸ್ ತೆಗೆದುಕೊಂಡರೆ ನೆಲಕ್ಕೆ ಬಿದ್ದು ಹೊರಳಾಡುತ್ತಾನಲ್ಲ, ಆಗೇನು ಮಾಡುವುದು? ಒಬ್ಬೊಬ್ಬರಿಗೆ ಒಂದೊಂದು ತುಂಡು ಹೇಳುವ ಬದಲು ಎಲ್ಲವನ್ನೂ ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ಮುಖ್ಯವಾಗಿ ಇದು 1ರಿಂದ 6 ವರ್ಷದ ಮಕ್ಕಳಿಗೆ. ಶಾಲೆಗೆ ಹೋಗುವ ಮಕ್ಕಳ ಬಗ್ಗೆ ಕೊನೆಯ ಕಡೆ ಸ್ವಲ್ಪ ಇದೆ.

ಫೋನ್ ತೋರಿಸಿ ಊಟ ಮಾಡಿಸಿದ್ದಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ದಿನವಿಡೀ ಕೆಲಸ, ಮೈತುಂಬ ಆಯಾಸ, ಒಂದು ಗಳಿಗೆ ಮಗು ಹಿಡಿದುಕೊಳ್ಳಲು ಯಾರೂ ಇಲ್ಲ. ಕೊಡುವುದಕ್ಕೆ ಕಾರಣ ಇದ್ದೇ ಇರುತ್ತದೆ. ಆ ಕಾರಣ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಸ್ಕ್ರೀನ್‌ನಿಂದ ಆಗುವುದೇನು?

ಸ್ಕ್ರೀನ್ ಟೈಮ್ ಅಂದರೆ ಫೋನ್, ಟ್ಯಾಬ್, ಟಿವಿ, ಕಂಪ್ಯೂಟರ್ ಎಲ್ಲ ಸೇರಿಸಿ ಮಗು ಪರದೆಯ ಮುಂದೆ ಕಳೆಯುವ ಹೊತ್ತು. ಪರದೆ ಏನು ಮಾಡುತ್ತದೆ ಅನ್ನುವುದಕ್ಕಿಂತ ಆ ಹೊತ್ತಿನಲ್ಲಿ ಏನು ನಡೆಯದೆ ಹೋಯಿತು ಅನ್ನುವುದೇ ಚಿಕ್ಕ ಮಕ್ಕಳಲ್ಲಿ ದೊಡ್ಡ ವಿಷಯ.

ಮಗು ಮಾತು ಕಲಿಯುವುದನ್ನು ಹತ್ತಿರದಿಂದ ನೋಡಿ. ಅದು "ಆ" ಅಂತ ಕೈ ಚಾಚುತ್ತದೆ. ನೀವು ತಿರುಗಿ, "ಏನು ಬೇಕು? ಚೆಂಡಾ?" ಅನ್ನುತ್ತೀರಿ. ಅದು ನಿಮ್ಮ ಬಾಯಿ ನೋಡುತ್ತದೆ, ಚೆಂಡು ನೋಡುತ್ತದೆ, ಮತ್ತೆ ನಿಮ್ಮನ್ನು ನೋಡಿ "ಚೆಂ" ಅನ್ನುತ್ತದೆ. ನೀವು ನಗುತ್ತೀರಿ. ಹತ್ತು ಸೆಕೆಂಡಿನ ಈ ಕೊಟ್ಟು-ಪಡೆಯುವ ಆಟ ದಿನಕ್ಕೆ ಎಷ್ಟೋ ಸಲ ನಡೆಯಬೇಕು. ಭಾಷೆ ಕಟ್ಟಿಕೊಳ್ಳುವುದೇ ಇದರಿಂದ. ವಿಡಿಯೊ ಮಗುವಿನ "ಆ"ಗೆ ಕಾಯುವುದಿಲ್ಲ. ಅದರ ಪಾಡಿಗೆ ಅದು ಓಡುತ್ತದೆ.

2003ರಲ್ಲಿ ಅಮೆರಿಕದ ಸಂಶೋಧಕಿ ಪೆಟ್ರೀಷಿಯಾ ಕೂಲ್ ಮತ್ತು ಅವರ ತಂಡ ಇಂಗ್ಲಿಷ್ ಮನೆಗಳ 9 ತಿಂಗಳ ಮಕ್ಕಳಿಗೆ 12 ಸಲ ಚೀನೀ ಭಾಷೆ ಕೇಳಿಸಿದರು. ಎದುರಿಗೆ ಕೂತು ಆಡುತ್ತಾ ಮಾತಾಡಿದವರಿಂದ ಮಕ್ಕಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಜನ, ಅದೇ ಮಾತು ವಿಡಿಯೊದಲ್ಲಿ ಬಂದಾಗ ಏನೂ ಕಲಿಯಲಿಲ್ಲ. ಇದನ್ನು ವಿಡಿಯೊ ಡೆಫಿಸಿಟ್ ಅನ್ನುತ್ತಾರೆ, ಅಂದರೆ ಎದುರಿಗಿರುವ ಮನುಷ್ಯರಿಂದ ಕಲಿಯುವಷ್ಟನ್ನು ಪುಟ್ಟ ಮಕ್ಕಳು ಪರದೆಯಿಂದ ಕಲಿಯಲಾರರು. ಹಾಗಾಗಿ "ಮಾತು ಕಲಿಯಲಿ ಅಂತ ರೈಮ್ಸ್ ಹಾಕಿದ್ದೇವೆ" ಅನ್ನುವವರಿಗೆ ನನ್ನ ಉತ್ತರ ಒಂದೇ. ಎರಡು ವರ್ಷದೊಳಗೆ ಆ ಲೆಕ್ಕ ಹಿಡಿಯುವುದಿಲ್ಲ. ಹಾಡನ್ನು ನೀವೇ ಹಾಡಿ, ಶ್ರುತಿ ತಪ್ಪಿದರೂ ಪರವಾಗಿಲ್ಲ.

ಜಪಾನಿನಲ್ಲಿ 7,097 ಮಕ್ಕಳನ್ನು ಗಮನಿಸಿದ ಅಧ್ಯಯನವೊಂದು 2023ರಲ್ಲಿ ಬಂತು. 1 ವರ್ಷದಲ್ಲಿ ಜಾಸ್ತಿ ಸ್ಕ್ರೀನ್ ನೋಡಿದ ಮಕ್ಕಳಲ್ಲಿ 2 ಮತ್ತು 4 ವರ್ಷಕ್ಕೆ ಮಾತು-ಸಂವಹನ ತಡವಾಗುವುದು ಹೆಚ್ಚು ಕಂಡಿತು. ಇದನ್ನು ಓದಿ ಗಾಬರಿಯಾಗಬೇಡಿ. ಎರಡೂ ಜೊತೆಜೊತೆಗೆ ಕಾಣುತ್ತವೆ ಅಂದಮಾತ್ರಕ್ಕೆ ಪ್ರತಿ ಮಗುವಿನಲ್ಲೂ ಸ್ಕ್ರೀನೇ ಕಾರಣ ಅಂತ ಆಗುವುದಿಲ್ಲ. ಆದರೆ ಎಚ್ಚರ ವಹಿಸಲು ಇಷ್ಟು ಸಾಕು.

ಎಷ್ಟು ಹೊತ್ತು?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಹೀಗಿದೆ. 2 ವರ್ಷದೊಳಗೆ ಸ್ಕ್ರೀನ್ ಬೇಡ. 2ರಿಂದ 4 ವರ್ಷದವರೆಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ದೂರದಲ್ಲಿರುವ ಅಜ್ಜಿ-ತಾತನ ಜೊತೆ ವಿಡಿಯೊ ಕಾಲ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅದು ಬೇರೆ ಥರ. ಆ ಕಡೆಯವರು ಮಗುವಿನ ಮಾತಿಗೆ ಪ್ರತಿಕ್ರಿಯೆ ಕೊಡುತ್ತಾರೆ. ಹಾಗಾಗಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಒಂದೂವರೆ ವರ್ಷದೊಳಗಿನವರಿಗೂ ವಿಡಿಯೊ ಕಾಲ್ ಒಂದಕ್ಕೆ ವಿನಾಯಿತಿ ಕೊಟ್ಟಿದೆ. ನೀವು ಪಕ್ಕದಲ್ಲಿರಿ, ಅಷ್ಟೆ.

ಈಗ ನಿಮ್ಮ ಮಗು ದಿನಕ್ಕೆ 4 ಗಂಟೆ ನೋಡುತ್ತಿದ್ದರೆ ನಾಳೆಯೇ 1 ಗಂಟೆಗೆ ಇಳಿಸುವ ಹಟ ಬೇಡ. ನಿಮಿಷ ಎಣಿಸುವುದನ್ನೂ ಸದ್ಯಕ್ಕೆ ಬಿಡಿ. ಮೊದಲು ಊಟ ಮತ್ತು ನಿದ್ದೆ, ಈ ಎರಡನ್ನು ಫೋನಿನಿಂದ ಬಿಡಿಸಿಕೊಳ್ಳಿ. ಆಗ ಒಟ್ಟು ಹೊತ್ತು ತಾನಾಗಿಯೇ ಇಳಿಯುತ್ತದೆ.

ಏನೇನು ಬೇಕು?

ಒಂದು ನೋಟ್‌ಬುಕ್. ಒಂದು ಸಾದಾ ಅಲಾರಂ ಗಡಿಯಾರ. ದೊಡ್ಡವರ ಫೋನ್ ಇಡಲು ಮಗುವಿನ ಕೈಗೆ ಸಿಗದ ಒಂದು ಜಾಗ. ಮೂರ್ನಾಲ್ಕು ವಾರದ ತಾಳ್ಮೆ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ದೊಡ್ಡವರೆಲ್ಲರ ಒಪ್ಪಿಗೆ. ಮಗುವಿಗೆ ಜ್ವರ ಇರುವಾಗ, ಮನೆ ಬದಲಿಸುವಾಗ, ಹೊಸ ಪಾಪು ಬಂದಿರುವಾಗ ಶುರು ಮಾಡಬೇಡಿ.

ಹಂತ 1: ಐದು ದಿನ ಸುಮ್ನೆ ಬರೆಯಿರಿ

ಏನನ್ನೂ ಬದಲಿಸಬೇಡಿ. ಮಗುವಿನ ಕೈಗೆ ಫೋನ್ ಹೋದಾಗಲೆಲ್ಲ ನಾಲ್ಕು ವಿಷಯ ಬರೆಯಿರಿ: ಎಷ್ಟು ಗಂಟೆಗೆ, ಆಗ ಏನು ನಡೆಯುತ್ತಿತ್ತು, ಕೊಟ್ಟವರು ಯಾರು, ವಾಪಸ್ ಪಡೆದದ್ದು ಹೇಗೆ. ಪಕ್ಕದಲ್ಲಿ ಟಿವಿ ಓಡುತ್ತಿದ್ದ ಹೊತ್ತನ್ನೂ ಸೇರಿಸಿ.

ಎರಡನೆಯ ವಿಷಯವೇ ಇಲ್ಲಿ ಜೀವಾಳ. "ಅಡುಗೆ ಮಾಡುತ್ತಿದ್ದೆ", "ಅಳುತ್ತಿದ್ದ", "ಮೀಟಿಂಗ್ ಇತ್ತು", "ಊಟ". ಐದನೇ ದಿನ ಇವನ್ನು ಒಟ್ಟಿಗೆ ಓದಿ. ಎರಡೋ ಮೂರೋ ಕಾರಣಗಳೇ ಮತ್ತೆ ಮತ್ತೆ ಬಂದಿರುತ್ತವೆ. ನೀವು ಕೆಲಸ ಮಾಡಬೇಕಾಗಿರುವುದು ಆ ಜಾಗಗಳಲ್ಲಿ ಮಾತ್ರ.

ಎಚ್ಚರಿಕೆ: ಬರೆದದ್ದನ್ನು ಇಟ್ಟುಕೊಂಡು ಒಬ್ಬರ ಮೇಲೊಬ್ಬರು ತಪ್ಪು ಹೊರಿಸಬೇಡಿ. ಹಾಗಾದರೆ ಮುಂದಿನ ಹಂತ ನಡೆಯುವುದೇ ಇಲ್ಲ.

ಹಂತ 2: ಮೊದಲು ದೊಡ್ಡವರ ಫೋನ್

ಈ ಹಂತವನ್ನು ಹಾರಿಸಿ ಮುಂದೆ ಹೋದವರು ವಾಪಸ್ ಇಲ್ಲಿಗೇ ಬರಬೇಕಾಗುತ್ತದೆ. ನೀವು ಬಲಗೈಯಲ್ಲಿ ಫೋನ್ ಹಿಡಿದು ಎಡಗೈಯಲ್ಲಿ ಮಗುವಿನ ಫೋನ್ ತೆಗೆದುಕೊಂಡರೆ ಅದಕ್ಕೆ ಅರ್ಥವಾಗುವುದು ಒಂದೇ: ಒಳ್ಳೆಯ ವಸ್ತುವನ್ನು ದೊಡ್ಡವರು ಇಟ್ಟುಕೊಂಡರು.

ನಾವು ಫೋನ್ ನೋಡುವಾಗ ನಮ್ಮ ಮುಖ ಹೇಗಿರುತ್ತದೆ ಗೊತ್ತಾ? ನಗು ಇಲ್ಲ, ಸಿಟ್ಟೂ ಇಲ್ಲ, ಬರೀ ಸಪ್ಪಗೆ. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಮಾಡಿದರು. ಮಗುವಿನ ಜೊತೆ ಆಡುತ್ತಿದ್ದ ತಾಯಿ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ಕೂರಬೇಕು. ಮಗು ನಗುತ್ತದೆ, ಕೈ ಚಾಚುತ್ತದೆ, ತಾಯಿಯನ್ನು ವಾಪಸ್ ಕರೆಯಲು ತನಗೆ ಗೊತ್ತಿರುವುದನ್ನೆಲ್ಲ ಮಾಡುತ್ತದೆ. ಏನೂ ಫಲಿಸದಿದ್ದಾಗ ಮುಖ ಬೇರೆ ಕಡೆ ತಿರುಗಿಸುತ್ತದೆ, ಅಳುತ್ತದೆ. ಆಗಿನ್ನೂ ಸ್ಮಾರ್ಟ್‌ಫೋನ್ ಇರಲೇ ಇಲ್ಲ. ಈಗ ಅದೇ ಮುಖ ದಿನಕ್ಕೆ ಎಷ್ಟು ಸಲ ಮಗುವಿನ ಮುಂದಿರುತ್ತದೆ ಅಂತ ನೀವೇ ಯೋಚಿಸಿ.

ಮಾಡಬೇಕಾದದ್ದು ಇಷ್ಟು. ಊಟದ ಹೊತ್ತು, ಮಲಗುವ ಮುಂಚಿನ ಒಂದು ಗಂಟೆ, ಮನೆಗೆ ಬಂದ ಮೊದಲ ಅರ್ಧ ಗಂಟೆ ನಿಮ್ಮ ಫೋನ್ ಗೊತ್ತುಮಾಡಿದ ಜಾಗದಲ್ಲಿರಲಿ. ಕೆಲಸದ ಕರೆ ಬರುವುದಿದ್ದರೆ ರಿಂಗ್ ಜೋರಾಗಿಡಿ, ಬಂದರೆ ಎದ್ದು ಹೋಗಿ ಮಾತಾಡಿ. ಮಗುವಿನ ಮುಂದೆ ಫೋನ್ ತೆಗೆಯಲೇಬೇಕಾದರೆ ಯಾಕೆಂದು ಹೇಳಿ: "ಒಂದು ಮೆಸೇಜ್‌ಗೆ ಉತ್ತರ ಕೊಟ್ಟು ಬರ್ತೀನಿ." ಮುಗಿದ ಮೇಲೆ ನಿಜವಾಗಿಯೂ ಬನ್ನಿ.

ಅಜ್ಜಿ-ತಾತ, ಮಗುವನ್ನು ನೋಡಿಕೊಳ್ಳುವವರು ಇದ್ದರೆ ಅವರನ್ನೂ ಕೂರಿಸಿಕೊಂಡು ಮಾತಾಡಿ. ಆಜ್ಞೆ ಮಾಡಬೇಡಿ. ಫೋನ್ ಇಲ್ಲದೆ ಮೂರು ಗಂಟೆ ಮಗುವನ್ನು ಸಂಭಾಳಿಸುವುದು ವಯಸ್ಸಾದವರಿಗೆ ನಿಜವಾಗಿಯೂ ಕಷ್ಟ. ಬದಲಿಗೆ ಏನು ಮಾಡಬಹುದು ಅಂತ ಅವರನ್ನೇ ಕೇಳಿ. ಕಥೆ, ಹಾಡು, ಕಾಳು ಬೇರೆ ಮಾಡುವಂಥ ಕೈಕೆಲಸ ಅವರ ಹತ್ತಿರ ನಮಗಿಂತ ಜಾಸ್ತಿಯೇ ಇರುತ್ತವೆ.

ಹಂತ 3: ಹಿನ್ನೆಲೆ ಟಿವಿ ಮತ್ತು ಆಟೋಪ್ಲೇ ನಿಲ್ಲಿಸಿ

ಇದು ಹತ್ತು ನಿಮಿಷದ ಕೆಲಸ. ಯಾರೂ ನೋಡದೆ ಓಡುತ್ತಿರುವ ಟಿವಿ ಆಫ್ ಮಾಡಿ. ಟಿವಿ ಕೇಳಿಸುವಷ್ಟು ಹೊತ್ತೂ ಮನೆಯವರ ಮಾತು ಕಡಿಮೆಯಾಗುತ್ತದೆ. 2009ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಟಿವಿ ಓಡಿದ ಪ್ರತಿ ಗಂಟೆಗೆ ಮಗುವಿನ ಕಿವಿಗೆ ಬೀಳುವ ದೊಡ್ಡವರ ಮಾತು ಸುಮಾರು 770 ಪದಗಳಷ್ಟು ಕಡಿಮೆಯಾಗಿತ್ತು.

ಆಟೋಪ್ಲೇ ಅಂದರೆ ಒಂದು ವಿಡಿಯೊ ಮುಗಿದ ಕೂಡಲೇ ಇನ್ನೊಂದು ತಾನಾಗಿಯೇ ಶುರುವಾಗುವ ವ್ಯವಸ್ಥೆ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಬಂದ್ ಮಾಡಿ. ಬೆರಳು ಎಳೆದಷ್ಟೂ ಬರುವ ಚುಟುಕು ವಿಡಿಯೊಗಳನ್ನು ಈ ವಯಸ್ಸಿನವರ ಕೈಗೆ ಕೊಡಲೇಬೇಡಿ. ಅವಕ್ಕೆ ಕೊನೆ ಅನ್ನುವುದೇ ಇಲ್ಲ. ಕೊನೆ ಇಲ್ಲದ್ದನ್ನು ನಿಲ್ಲಿಸುವುದು ನಮಗೇ ಕಷ್ಟ, ಮಗುವಿಗೆ ಹೇಗೆ ಸಾಧ್ಯ?

ಹಂತ 4: ಊಟ

ಇಲ್ಲಿಂದ ನಿಜವಾದ ಕೆಲಸ ಶುರು. ವಿಡಿಯೊ ನೋಡುತ್ತಾ ತಿನ್ನುವ ಮಗುವನ್ನು ಒಮ್ಮೆ ಪಕ್ಕದಿಂದ ನೋಡಿ. ತುತ್ತು ತುಟಿಗೆ ತಾಗಿದಾಗ ಬಾಯಿ ತೆರೆಯುತ್ತದೆ, ಕಣ್ಣು ಮಾತ್ರ ಅಲ್ಲಾಡುವುದಿಲ್ಲ. ತಟ್ಟೆಯಲ್ಲಿ ಏನಿದೆ ಅಂತ ಗೊತ್ತಿಲ್ಲ. ವಿಡಿಯೊದಲ್ಲಿ ಏನೋ ಜೋರಾದರೆ ಅಗಿಯುವುದೂ ನಿಲ್ಲುತ್ತದೆ, ತುತ್ತು ಕೆನ್ನೆಯಲ್ಲೇ ಉಳಿಯುತ್ತದೆ. ಹಸಿವು, ರುಚಿ, ಹೊಟ್ಟೆ ತುಂಬಿದ್ದು, ಈ ಮೂರರ ಗುರುತೂ ಅದಕ್ಕೆ ಸಿಗುತ್ತಿಲ್ಲ. ಗಮನ ಬೇರೆ ಕಡೆ ಇರುವಾಗ ತುತ್ತು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವೂ ಇದೆ.

ಹೀಗೆ ಮಾಡಿ:

ಮೊದಲು ಊಟಗಳ ನಡುವೆ ಎರಡೂವರೆ-ಮೂರು ಗಂಟೆ ಬಿಡುವು ಇಡಿ. ಆ ನಡುವೆ ಹಾಲು, ಬಿಸ್ಕತ್ತು, ಜ್ಯೂಸ್ ಬೇಡ, ನೀರು ಸಾಕು. ಹಸಿವಿಲ್ಲದ ಮಗುವಿಗೆ ಫೋನ್ ಇಲ್ಲದೆ ತಿನ್ನಿಸಲು ಹೊರಟರೆ ಸೋಲು ಖಂಡಿತ.

ದಿನದ ಒಂದು ಊಟದಿಂದ ಶುರು ಮಾಡಿ. ಮಗು ಹೆಚ್ಚು ಹಸಿದಿರುವ ಊಟ ಆರಿಸಿ, ಮೊದಲ ಮೂರ್ನಾಲ್ಕು ದಿನ ಅದೊಂದನ್ನೇ ಬದಲಿಸಿ. ಎಲ್ಲರೂ ಒಟ್ಟಿಗೆ ಕೂತುಕೊಳ್ಳಿ. ಮಗುವಿನ ಕೈಗೇ ತಿನ್ನಲು ಕೊಡಿ. ಚೆಲ್ಲುತ್ತದೆ, ಮೈಗೆ ಬಳಿದುಕೊಳ್ಳುತ್ತದೆ, ಚೆಲ್ಲಲಿ. ಕೈಯಲ್ಲಿ ಮುಟ್ಟಿ, ಹಿಚುಕಿ, ಬಾಯಿಗಿಟ್ಟು ನೋಡುವುದೇ ಈಗ ಅದರ ಪರದೆ.

ಫೋನ್ ಕೇಳಿದರೆ ಚಿಕ್ಕದಾಗಿ ಹೇಳಿ: "ಈಗ ಊಟ. ಊಟಕ್ಕೆ ಫೋನ್ ಇಲ್ಲ." ಅಷ್ಟೇ. ಉದ್ದ ಉಪದೇಶ ಬೇಡ.

ಅರ್ಧ ಗಂಟೆಗೆ ತಟ್ಟೆ ಎತ್ತಿಬಿಡಿ, ಎರಡೇ ತುತ್ತು ತಿಂದಿದ್ದರೂ ಸರಿ. ಬೈಯಬೇಡಿ, ಬೇಡಿಕೊಳ್ಳಬೇಡಿ, ಹಿಂದೆ ಓಡಬೇಡಿ. ಮುಂದಿನ ಊಟ ಅದರ ಹೊತ್ತಿಗೆ ಬರುತ್ತದೆ.

ಎಚ್ಚರಿಕೆ: ಮೊದಲ ಕೆಲವು ದಿನ ಮಗು ಕಡಿಮೆ ತಿನ್ನುತ್ತದೆ. ಇಲ್ಲೇ ಬಹಳ ಮಂದಿ ಕೈಬಿಡುವುದು. ತೂಕ ಸರಿಯಾಗಿರುವ, ಚಟುವಟಿಕೆಯಿಂದಿರುವ ಮಗು ಕೆಲವು ಊಟ ಅರ್ಧಕ್ಕೆ ಬಿಟ್ಟರೆ ಭಯಪಡಬೇಕಿಲ್ಲ. ಆದರೆ ಮಗುವಿನ ತೂಕ ಮೊದಲೇ ಕಡಿಮೆ ಇದ್ದರೆ, ಗಟ್ಟಿ ಆಹಾರಕ್ಕೆ ಪದೇ ಪದೇ ಓಕರಿಸುತ್ತಿದ್ದರೆ, ಬೇರೆ ಕಾಯಿಲೆ ಇದ್ದರೆ ಈ ಹಂತಕ್ಕೆ ಮುಂಚೆ ಮಕ್ಕಳ ಡಾಕ್ಟರನ್ನು ಕೇಳಿ. ಇನ್ನೊಂದು ತಪ್ಪು, "ಇಷ್ಟು ತಿಂದರೆ ಆಮೇಲೆ ಫೋನ್ ಕೊಡ್ತೀನಿ" ಅನ್ನುವುದು. ಹಾಗೆಂದರೆ ಊಟ ಕೆಲಸವಾಗುತ್ತದೆ, ಫೋನ್ ಕೂಲಿಯಾಗುತ್ತದೆ.

ಹಂತ 5: ನಿದ್ದೆ

ಊಟ ಒಂದು ಹದಕ್ಕೆ ಬಂದ ಮೇಲೆ ಇದಕ್ಕೆ ಬನ್ನಿ, ಎರಡನ್ನೂ ಒಟ್ಟಿಗೆ ಎಳೆಯಬೇಡಿ. ಕತ್ತಲಾದಾಗ ನಮ್ಮ ಮೆದುಳಿನಲ್ಲಿ ಮೆಲಟೋನಿನ್ ಅನ್ನುವ ಹಾರ್ಮೋನ್ ಹುಟ್ಟುತ್ತದೆ. "ಇನ್ನು ಮಲಗುವ ಹೊತ್ತು" ಅಂತ ಮೈಗೆ ತಿಳಿಸುವ ಸಂದೇಶ ಅದು. ಕಣ್ಣಿಗೆ ಪ್ರಖರ ಬೆಳಕು ಬಿದ್ದರೆ ಆ ಸಂದೇಶ ತಡವಾಗುತ್ತದೆ. ಚಿಕ್ಕ ಮಕ್ಕಳ ಕಣ್ಣಿನ ಮಸೂರ ತಿಳಿಯಾಗಿರುವುದರಿಂದ ಅವರ ಮೇಲೆ ಬೆಳಕಿನ ಪರಿಣಾಮ ದೊಡ್ಡವರಿಗಿಂತ ಜಾಸ್ತಿ. ಜೊತೆಗೆ ವಿಡಿಯೊದ ಸದ್ದು-ಗದ್ದಲ ಮನಸ್ಸನ್ನು ಎಚ್ಚರವಾಗಿಯೇ ಇಡುತ್ತದೆ.

ಮಲಗುವ ಒಂದು ಗಂಟೆ ಮುಂಚೆ ಎಲ್ಲ ಪರದೆಗಳೂ ಬಂದ್. ದೀಪ ಮಂದವಾಗಿಸಿ. ಆಮೇಲೆ ದಿನವೂ ಅದೇ ಕೆಲಸ, ಅದೇ ಕ್ರಮದಲ್ಲಿ: ಮೈ ಒರೆಸುವುದು, ಹಲ್ಲುಜ್ಜುವುದು, ಒಂದು ಚಿತ್ರಪುಸ್ತಕ, ಒಂದು ಹಾಡು, ದೀಪ ಆರಿಸುವುದು. ಪುಸ್ತಕ ದಿನಾ ಒಂದೇ ಆದರೂ ಬೇಜಾರು ಮಾಡಿಕೊಳ್ಳಬೇಡಿ, ಮಕ್ಕಳಿಗೆ ಗೊತ್ತಿರುವ ಕಥೆಯೇ ಇಷ್ಟ. ನಿಮ್ಮ ಫೋನ್ ಕೂಡ ಮಲಗುವ ಕೋಣೆಯ ಹೊರಗೇ ಇರಲಿ. ಅಲಾರಂ ಗಡಿಯಾರ ಬೇಕು ಅಂದದ್ದು ಇದಕ್ಕೇ.

ದಿನಕ್ಕೆ ಎಷ್ಟು ನಿದ್ದೆ ಬೇಕು ಅನ್ನುವುದಕ್ಕೂ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಇದೆ. 1-2 ವರ್ಷಕ್ಕೆ 11ರಿಂದ 14 ಗಂಟೆ, 3-4 ವರ್ಷಕ್ಕೆ 10ರಿಂದ 13 ಗಂಟೆ. ಹಗಲು ನಿದ್ದೆಯೂ ಇದರಲ್ಲೇ ಸೇರಿತು.

ಹಂತ 6: ವಾಪಸ್ ಪಡೆಯುವುದು ಮತ್ತು ಅಳು

2 ವರ್ಷ ದಾಟಿದ ಮಗುವಿಗೆ ದಿನಕ್ಕೆ ಒಂದು ಹೊತ್ತು ಗೊತ್ತುಮಾಡಿ ಕೊಡುವುದಾದರೆ ನಿಲ್ಲಿಸುವುದು ಹೇಗೆ? "ಇನ್ನೆರಡೇ ನಿಮಿಷ" ಅಂತ ಮೊದಲೇ ಎಚ್ಚರಿಸಿದರೆ ಸುಲಭ ಅಂತ ನಾವೆಲ್ಲ ಅಂದುಕೊಂಡಿದ್ದೇವೆ, ಅಲ್ವಾ? 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಚಿಕ್ಕ ಮಕ್ಕಳ ಪೋಷಕರಿಂದ ದಿನಚರಿ ಬರೆಸಿ ನೋಡಿದಾಗ ತಿರುಗುಮುರುಗಾಗಿತ್ತು. ಎರಡು ನಿಮಿಷದ ಎಚ್ಚರಿಕೆ ಕೊಟ್ಟಾಗ ರಂಪ ಜಾಸ್ತಿಯಾಗುತ್ತಿತ್ತು. ಕಾರ್ಯಕ್ರಮ ತಾನಾಗಿಯೇ ಮುಗಿದಾಗ ಅಥವಾ ಇದು ದಿನಾ ನಿಲ್ಲಿಸುವ ಹೊತ್ತು ಅಂತ ರೂಢಿಯಾಗಿದ್ದಾಗ ಮಕ್ಕಳು ಸುಲಭವಾಗಿ ಬಿಟ್ಟರು.

ಹಾಗಾಗಿ ನಿಮಿಷದ ಬದಲು ಕಂತಿನ ಲೆಕ್ಕ ಇಡಿ. "ಒಂದು ಕಥೆ ನೋಡೋಣ, ಆಮೇಲೆ ಸ್ನಾನ." ಕಥೆ ಮುಗಿಯುವ ಹೊತ್ತಿಗೆ ನೀವು ಪಕ್ಕದಲ್ಲಿ ಕೂತಿರಿ. ಮುಗಿದ ಕೂಡಲೇ ಅದರ ಬಗ್ಗೆಯೇ ಒಂದು ಮಾತಾಡಿ: "ಆ ನಾಯಿಮರಿ ಕೊನೆಗೆ ಎಲ್ಲಿ ಹೋಯ್ತು?" ಮಗು ಉತ್ತರ ಹೇಳುತ್ತಾ ಪರದೆಯಿಂದ ನಿಮ್ಮ ಕಡೆ ತಿರುಗುತ್ತದೆ. ಆಗ ಆಫ್ ಬಟನ್ ಅದರಿಂದಲೇ ಒತ್ತಿಸಿ.

ಇಷ್ಟಾದರೂ ಅಳು ಬರುತ್ತದೆ. ಮೊದಲ ವಾರದ ನಡುವೆ ಒಂದು ದಿನ ಅಳು ಹಿಂದೆಂದಿಗಿಂತಲೂ ಜೋರಾಗಬಹುದು. ಮನಶ್ಶಾಸ್ತ್ರದಲ್ಲಿ ಇದಕ್ಕೆ ಎಕ್ಸ್‌ಟಿಂಕ್ಷನ್ ಬರ್ಸ್ಟ್ ಅನ್ನುತ್ತಾರೆ. ಇಷ್ಟು ದಿನ ಫಲಿಸುತ್ತಿದ್ದ ಉಪಾಯ ಈಗ ಫಲಿಸದಿದ್ದಾಗ, ಬಿಡುವ ಮುಂಚೆ ಒಮ್ಮೆ ಇನ್ನೂ ಜೋರಾಗಿ ಪ್ರಯತ್ನಿಸುವುದು. ಆ ದಿನ ಸೋತು ಫೋನ್ ಕೊಟ್ಟರೆ, "ಇಷ್ಟು ಜೋರಾಗಿ ಅತ್ತರೆ ಸಿಗುತ್ತದೆ" ಅನ್ನುವ ಪಾಠ ಆಗಿಬಿಡುತ್ತದೆ.

ಅಳುವ ಮಗುವನ್ನು ಒಂಟಿಯಾಗಿ ಬಿಡಬೇಡಿ. ನೆಲದ ಮೇಲೆ ಅದರ ಪಕ್ಕ ಕೂತುಕೊಳ್ಳಿ. "ಇನ್ನೂ ನೋಡಬೇಕಿತ್ತು ಅಲ್ವಾ? ಬೇಜಾರಾಗಿದೆ. ನಾನು ಇಲ್ಲೇ ಇದ್ದೀನಿ" ಅನ್ನಿ. ತಲೆ ಚಚ್ಚಿಕೊಳ್ಳದ ಹಾಗೆ ಕೈ ಅಡ್ಡ ಇಡಿ. ಎತ್ತಿಕೊಳ್ಳಲು ಬಿಟ್ಟರೆ ಎತ್ತಿಕೊಳ್ಳಿ. ಅಳು ನಿಲ್ಲಿಸಲು ಪ್ರತಿ ಸಲ ಫೋನ್ ಕೊಟ್ಟರೆ, ಬೇಜಾರನ್ನು ತಡೆದುಕೊಂಡು ಸಮಾಧಾನವಾಗುವುದನ್ನು ಮಗು ಕಲಿಯುವ ಅವಕಾಶವೇ ತಪ್ಪಿಹೋಗುತ್ತದೆ. ನನಗೆ ಎಲ್ಲಕ್ಕಿಂತ ದೊಡ್ಡ ನಷ್ಟ ಅನ್ನಿಸುವುದು ಇದೇ.

ಹಂತ 7: ಖಾಲಿಯಾದ ಹೊತ್ತು

ದುಬಾರಿ ಆಟಿಕೆ ಬೇಡ. ನೀವು ಅಡುಗೆ ಮಾಡುವಾಗ ಮಗುವಿಗೂ ಒಂದು ಪಾತ್ರೆ, ಸ್ವಲ್ಪ ನೀರು, ಒಂದು ಸೌಟು ಕೊಡಿ. ಬಟ್ಟೆ ಮಡಿಸುವಾಗ ಸಾಕ್ಸ್ ಜೋಡಿ ಹುಡುಕಲು ಹೇಳಿ. "ಬೋರ್" ಅಂತ ಬಂದರೆ ಕೂಡಲೇ ಏನನ್ನೋ ಕೊಡಬೇಡಿ. ಸ್ವಲ್ಪ ಹೊತ್ತು ಗೊಣಗಿ ತಾನೇ ಒಂದು ಆಟ ಕಟ್ಟಿಕೊಳ್ಳುತ್ತದೆ.

ಹೊರಗಿನ ಬೆಳಕು ಮಾತ್ರ ದಿನವೂ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 1ರಿಂದ 4 ವರ್ಷದವರಿಗೆ ದಿನಕ್ಕೆ 180 ನಿಮಿಷ ಓಡಾಟ-ಆಟ ಬೇಕು. ಕಣ್ಣಿಗೂ ಹೊರಾಂಗಣದಿಂದ ಲಾಭ ಇದೆ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣ ಅವಧಿ ಕೊಟ್ಟು ನೋಡಿದರು. ಮೂರು ವರ್ಷದಲ್ಲಿ ಅವರಲ್ಲಿ 30.4% ಮಕ್ಕಳಿಗೆ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗುವ ದೋಷ ಬಂತು. ಈ ಹೆಚ್ಚುವರಿ ಅವಧಿ ಕೊಡದ ಶಾಲೆಗಳಲ್ಲಿ ಅದು 39.5% ಇತ್ತು.

ಶಾಲೆಗೆ ಹೋಗುವ ಮಕ್ಕಳಿಗೆ

ಇವರ ಹತ್ತಿರ ಗಂಟೆಯ ಲೆಕ್ಕ ಒಂದೇ ಹಿಡಿದರೆ ಜಗಳ ಮುಗಿಯುವುದಿಲ್ಲ, ಪಾಠವೂ ಪರದೆಯಲ್ಲೇ ಇರುತ್ತದೆ. ನಿಯಮವನ್ನು ಅವರ ಜೊತೆ ಕೂತು ಬರೆಯಿರಿ, ಮುರಿದರೆ ಏನು ಅನ್ನುವುದನ್ನೂ ಅವರಿಂದಲೇ ಹೇಳಿಸಿ. ರಾತ್ರಿ ಯಾವ ಸಾಧನವೂ ಮಲಗುವ ಕೋಣೆಯಲ್ಲಿ ಇರಬಾರದು ಅನ್ನುವುದೊಂದನ್ನು ಮಾತ್ರ ಸಡಿಲಿಸಬೇಡಿ. ಗೇಮ್‌ನ ಮಧ್ಯೆ ವೈಫೈ ಆಫ್ ಮಾಡಬೇಡಿ. ಅದು ಅವರಿಗೆ ಅವಮಾನ, ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಈ ಆಟ ಮುಗಿಸಿ ಏಳು ಅನ್ನಿ, ಮುಗಿಯುವವರೆಗೆ ಅಲ್ಲೇ ನಿಲ್ಲಿ. ಆಟದ ಹಿಂದೆ ನಿದ್ದೆ, ಓದು, ಗೆಳೆಯರು ಎಲ್ಲ ಬಿಟ್ಟುಹೋಗುತ್ತಿದ್ದರೆ, ತೊಂದರೆ ಕಂಡರೂ ನಿಲ್ಲಿಸಲು ಆಗುತ್ತಿಲ್ಲವಾದರೆ ಮಕ್ಕಳ ಮನೋವೈದ್ಯರನ್ನು ಕಾಣಿ. ಗೇಮಿಂಗ್ ಡಿಸಾರ್ಡರ್ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೇ ಇದೆ.

ಡಾಕ್ಟರ್ ಹತ್ತಿರ ಯಾವಾಗ?

ಇದನ್ನು ದಯವಿಟ್ಟು ಹಾರಿಸಬೇಡಿ. "ಫೋನ್ ನೋಡಿ ನೋಡಿ ಮಾತು ಬಂದಿಲ್ಲ, ಫೋನ್ ಬಿಟ್ಟರೆ ಬರುತ್ತದೆ" ಅಂತ ತಿಂಗಳುಗಟ್ಟಲೆ ಕಾದು ಕೂರುವವರನ್ನು ನೋಡಿದಾಗ ಸಂಕಟವಾಗುತ್ತದೆ. ಕಾರಣ ಕಿವಿ ಸರಿಯಾಗಿ ಕೇಳದಿರುವುದೂ ಆಗಿರಬಹುದು, ಆಟಿಸಂ (ಮಾತು-ಸಂವಹನ, ಜನರ ಜೊತೆ ಬೆರೆಯುವುದು ಬೇರೆ ಥರ ಇರುವ ಬೆಳವಣಿಗೆಯ ಸ್ಥಿತಿ) ಆಗಿರಬಹುದು, ಬೇರೆ ಏನೋ ಆಗಿರಬಹುದು. ಬೇಗ ಗೊತ್ತಾದಷ್ಟೂ ಮಗುವಿಗೆ ಸಹಾಯ ಬೇಗ ಸಿಗುತ್ತದೆ. ಇವುಗಳಲ್ಲಿ ಒಂದು ಕಂಡರೂ ಹೋಗಿ:

- 12 ತಿಂಗಳಾದರೂ ಹೆಸರು ಕರೆದರೆ ತಿರುಗುವುದಿಲ್ಲ, ತೊದಲುವುದಿಲ್ಲ, ಬೆರಳು ತೋರಿಸುವುದಿಲ್ಲ
- 16 ತಿಂಗಳಾದರೂ ಒಂದೂ ಪದ ಇಲ್ಲ
- 24 ತಿಂಗಳಾದರೂ ಎರಡು ಪದ ಸೇರಿಸಿ ಸ್ವಂತವಾಗಿ ಹೇಳುವುದಿಲ್ಲ (ವಿಡಿಯೊದ ಸಾಲು ಒಪ್ಪಿಸುವುದು ಲೆಕ್ಕಕ್ಕಿಲ್ಲ)
- ಯಾವ ವಯಸ್ಸಿನಲ್ಲೇ ಆಗಲಿ, ಬಂದಿದ್ದ ಮಾತು ಅಥವಾ ಕಲಿತಿದ್ದ ಕೆಲಸ ಹಿಂದೆ ಹೋಗಿದೆ

ಶ್ರವಣ ಪರೀಕ್ಷೆಯನ್ನು ಕೇಳಿ ಮಾಡಿಸಿ. ಹೋಗುವಾಗ ಮೊದಲ ಹಂತದಲ್ಲಿ ಬರೆದ ಆ ನೋಟ್‌ಬುಕ್ಕನ್ನೂ ಕೈಯಲ್ಲಿ ಹಿಡಿದು ಹೋಗಿ. ಮಗು ಎಷ್ಟು ಹೊತ್ತು ನೋಡುತ್ತದೆ, ಹೇಗೆ ಉಣ್ಣುತ್ತದೆ, ಎಷ್ಟು ಮಲಗುತ್ತದೆ ಅಂತ ಡಾಕ್ಟರ್ ಕೇಳಿಯೇ ಕೇಳುತ್ತಾರೆ.